ಭದ್ರಾ ನಾಲೆಯಿಂದ ಶುರುಮಾಡಿ

ಪತ್ರ: ಪದವಿ ತರಗತಿಗೆ ನೀತಿಶಾಸ್ತ್ರ ಕಲಿಸುತ್ತೇನೆ. ಕಾಂಟ್, ಮಿಲ್‌ನಂಥ ತತ್ತ್ವಜ್ಞಾನಿಗಳ ಹೆಸರೆತ್ತಿದರೆ ವಿದ್ಯಾರ್ಥಿಗಳು ಆಕಳಿಸುತ್ತಾರೆ. ಮೀಸಲಾತಿ, ಮತಾಂತರದಂಥ ಪ್ರಚಲಿತ ವಿಷಯ ಎತ್ತಿದರೆ ತರಗತಿ ಎರಡು ಬಣವಾಗುತ್ತದೆ. ದಾರಿ ಯಾವುದು? – ಉಪನ್ಯಾಸಕರು, ದಾವಣಗೆರೆ

ಸಂಪಾದಕರ ಉತ್ತರ: ಟಿವಿಯಲ್ಲಿ ಕೂಗಾಡಿ ಸವೆದ ವಿಷಯಕ್ಕೆ ಹುಡುಗರು ಉತ್ತರವನ್ನು ಮನೆಯಿಂದಲೇ ತಂದಿರುತ್ತಾರೆ. ಅದನ್ನು ಕೊನೆಗಿಡಿ. ಯಾವ ಪಕ್ಷದ ಬಾವುಟವೂ ಪೂರ್ತಿ ಮುಚ್ಚಲಾರದ ವಿಷಯ ನಿಮ್ಮ ಕಾಲಬುಡದಲ್ಲೇ ಇದೆ: ಭದ್ರಾ ನೀರು.

ಜಲಾಶಯದ ಸಾಮರ್ಥ್ಯ 71.5 ಟಿಎಂಸಿ. ಬಲದಂಡೆ ನಾಲೆಯ ಮೇಲ್ಭಾಗದಲ್ಲಿ ಭತ್ತ, ಅಡಿಕೆ. ನಾಲೆಗೇ ಪಂಪ್‌ಸೆಟ್ ಇಟ್ಟವರೂ ಉಂಟು. ಹರಿಹರ, ದಾವಣಗೆರೆ ತಾಲ್ಲೂಕುಗಳ ಕೊನೆಭಾಗದವರು ನೀರಿಗಾಗಿ ರಸ್ತೆಗಿಳಿಯುತ್ತಾರೆ. ಇನ್ನೊಂದು ಕಡೆ ಭದ್ರಾ ಮೇಲ್ದಂಡೆ ಯೋಜನೆ: ತುಂಗೆಯಿಂದ 17.4, ಭದ್ರೆಯಿಂದ 12.5, ಒಟ್ಟು 29.9 ಟಿಎಂಸಿ, ಚಿತ್ರದುರ್ಗ ಮತ್ತಿತರ ಬರದ ಸೀಮೆಗೆ. ಅಲ್ಲಿನ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಕುಡಿಯುವ ನೀರಿನ ಮಿತಿಯಾದ ಲೀಟರಿಗೆ 1.5 ಮಿಲಿಗ್ರಾಂ ದಾಟಿದೆ. ಯಾರ ಹಕ್ಕು ದೊಡ್ಡದು?

ನಾಲ್ಕು ಪಿರಿಯಡ್ ಸಾಕು. ಮೊದಲನೆಯದರಲ್ಲಿ ಅಭಿಪ್ರಾಯಕ್ಕೆ ಅವಕಾಶವೇ ಬೇಡ. ಬೋರ್ಡಿನ ನಡುವೆ ಗೆರೆ ಎಳೆದು, ವಿದ್ಯಾರ್ಥಿಗಳು ಹೇಳುವ ಪ್ರತಿ ಮಾತನ್ನೂ ಅಳೆಯಬಹುದಾದದ್ದು ಒಂದು ಕಡೆ, ಸರಿ-ತಪ್ಪಿನ ತೀರ್ಪು ಇನ್ನೊಂದು ಕಡೆ ಎಂದು ಅವರ ಕೈಯಿಂದಲೇ ಬರೆಸಿ. ‘ಕೊನೆಯ ತೂಬಿಗೆ ನೀರು ತಲುಪಿಲ್ಲ’ ಎಂಬುದು ಅಳೆದು ತೀರ್ಮಾನಿಸುವ ಮಾತು. ‘ಮೇಲಿನವರು ಅನ್ಯಾಯ ಮಾಡುತ್ತಿದ್ದಾರೆ’ ಎಂಬುದು ಹಾಗಲ್ಲ. ಜಗಳಗಳಲ್ಲಿ ಬಹುಪಾಲು ಮೊದಲ ಬಗೆಯವು; ನೀರಾವರಿ ಕಚೇರಿಯ ಲೆಕ್ಕ ತಂದರೆ ಅರ್ಧ ತಣ್ಣಗಾಗುತ್ತವೆ.

ಎರಡನೆಯದರಲ್ಲಿ ಐದೈದು ಜನರ ಗುಂಪು, ಒಬ್ಬೊಬ್ಬರಿಗೆ ಒಂದು ಪಾತ್ರ: ಚನ್ನಗಿರಿಯ ಅಡಿಕೆ ಬೆಳೆಗಾರ, ಹರಿಹರದ ಭತ್ತದ ರೈತ, ಚಳ್ಳಕೆರೆಯ ಶೇಂಗಾ ರೈತ, ಗೇಟು ತೆರೆಯುವ ಎಂಜಿನಿಯರ್, ನಾಟಿಗೆ ಹೋಗುವ ಕೂಲಿ ಹೆಂಗಸು. ಮೇಲ್ಭಾಗದ ಮನೆಯವರಿಗೆ ಕೊನೆಭಾಗದ ಪಾತ್ರವನ್ನೇ ಕೊಡಿ. ಕೂಲಿಯ ಪಾತ್ರ ಬಿಡಬೇಡಿ: ನೀರು ಬಾರದಿದ್ದರೆ ಅವಳ ದುಡಿಮೆ ಹೋಗುತ್ತದೆ, ಆದರೆ ಜಮೀನಿಲ್ಲದ್ದರಿಂದ ಅವಳನ್ನು ಯಾರೂ ಕೇಳುವುದಿಲ್ಲ. ತರಗತಿ ಮೌನವಾಗುವುದು ಸಾಮಾನ್ಯವಾಗಿ ಇಲ್ಲೇ.

ಸಿದ್ಧಾಂತ ಬರಬೇಕಾದದ್ದು ಮೂರನೆಯ ಪಿರಿಯಡ್‌ನಲ್ಲಿ. ಎಲ್ಲರೂ ನಾಲೆಗೆ ಪಂಪ್ ಇಟ್ಟರೆ ಪಂಪ್ ಇಡಲು ನಾಲೆಯಲ್ಲಿ ನೀರೇ ಇರುವುದಿಲ್ಲ. ಎಲ್ಲರೂ ಪಾಲಿಸಬಹುದಾದ ನಿಯಮದಂತೆ ಮಾತ್ರ ನಡೆ ಎಂಬ ಕಾಂಟ್‌ನ ಸಾರ್ವತ್ರಿಕ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? ಒಟ್ಟು ಹಿತವನ್ನೇ ನೋಡುವ ಮಿಲ್‌ನನ್ನು ನಂಬಿದರೆ, ಕೊನೆಭಾಗವನ್ನು ಬಲಿಕೊಟ್ಟು ಒಟ್ಟು ಇಳುವರಿ ಹೆಚ್ಚಿಸಬಹುದೇ ಎಂದು ಕೇಳಿ. ನಿನ್ನ ಹೊಲ ಮೇಲಿದೆಯೋ ಕೆಳಗಿದೆಯೋ ತಿಳಿಯದೆ ಹಂಚಿಕೆ ನಿಯಮ ಬರೆ ಎಂದರೆ, ತನ್ನ ಸ್ಥಾನ ತಿಳಿಯದೆ ಒಪ್ಪುವ ನಿಯಮವೇ ನ್ಯಾಯ ಎಂದ ತತ್ತ್ವಜ್ಞಾನಿ ರಾಲ್ಸ್ ತಾನಾಗಿಯೇ ಬಂದ.

ನಾಲ್ಕನೆಯದು ಬರವಣಿಗೆ, ಎರಡು ಪುಟ. ಹತ್ತು ಅಂಕದಲ್ಲಿ ಸಂಗತಿಗಳಿಗೆ 3, ಎದುರು ಪಕ್ಷದವರೇ ಒಪ್ಪುವಂತೆ ಅವರ ವಾದ ಬರೆದದ್ದಕ್ಕೆ 4, ಸ್ವಂತ ತೀರ್ಮಾನಕ್ಕೆ 3. ತೀರ್ಮಾನ ನಿಮಗೆ ಹಿಡಿಸದಿದ್ದರೂ ಅಂಕ ಕಡಿಯಬೇಡಿ.

ಕೆಡುವುದು ಎರಡು ಕಡೆ. ನೀವು ಮೊದಲೇ ಅಭಿಪ್ರಾಯ ಹೇಳಿದರೆ ಇಂಟರ್ನಲ್ಸ್ ಆಸೆಗೆ ಎಲ್ಲರೂ ಅದನ್ನೇ ಬರೆಯುತ್ತಾರೆ. ಇಲ್ಲವೇ ‘ಎಲ್ಲರದೂ ಸರಿ’ ಎಂದು ಒಂದು ವಚನ ಹೇಳಿ ಮುಗಿಸುತ್ತಾರೆ; ನಮ್ಮ ಕಡೆ ಇದು ಹಳೆಯ ಚಾಳಿ. ಎಷ್ಟು ದಿನ ಯಾರಿಗೆ ನೀರು ಎಂದು ಬರೆಯದ ಉತ್ತರವನ್ನು ವಾಪಸ್ ಕೊಡಿ.

ಇಷ್ಟು ರೂಢಿಯಾದ ಮೇಲೆ ಜಾತಿಯ ವಿಷಯಕ್ಕೆ ಬನ್ನಿ, ತಪ್ಪಿಸಿಕೊಳ್ಳಬೇಡಿ. ಮಲ ಹೊರುವ ಪದ್ಧತಿಯನ್ನು 2013ರ ಕಾಯ್ದೆ ನಿಷೇಧಿಸಿದೆ. ಆದರೂ ಮ್ಯಾನ್‌ಹೋಲ್‌ಗೆ ಮನುಷ್ಯರನ್ನು ಇಳಿಸುವುದು ನಿಂತಿಲ್ಲ. ಹೊಣೆ ಗುತ್ತಿಗೆದಾರನದೋ, ಪಾಲಿಕೆಯದೋ, ಫೋನ್ ಮಾಡಿ ಕರೆಸಿದ ಮನೆಯವರದೋ? ಆದರೆ ಆ ಸಮುದಾಯದ ಹುಡುಗನನ್ನು ಎಬ್ಬಿಸಿ ‘ನೀನೇ ಹೇಳಪ್ಪ’ ಎನ್ನಬೇಡಿ. ಫೋನ್ ಮಾಡಿದ ಮನೆಯವರ ಪಾತ್ರವನ್ನು ಮಿಕ್ಕವರಿಗೆ ಹಂಚಿ, ಉತ್ತರವನ್ನು ಅವರಿಂದ ಕೇಳಿ.