ಅಪ್ಪಂಗೆ ಶುಗರ್ ಇದೆ ಅಂದ್ರೆ ನಂದೂ ಅದೇ ಶುಗರ್ರಾ?

38ಕ್ಕೆ ಶುಗರ್ ಬಂದಿದೆ, ಅಪ್ಪಂಗೂ ಇದೆ, ಹಾಗಾಗಿ ವಂಶದಿಂದ್ಲೇ ಬಂದಿದ್ದು, ಜೀನ್ ಟೆಸ್ಟ್ ಮಾಡಿಸ್ಲಾ ಅಂತ ಕೇಳಿದೀರ. ಆ "ಹಾಗಾಗಿ" ಇದೆಯಲ್ಲ, ನನ್ನನ್ನ ಐಸಿಯು ತನಕ ಕರ್ಕೊಂಡು ಹೋಗಿದ್ದೇ ಅದು.

ನಂಗೆ ಗೊತ್ತಾದಾಗ 36. ಎಚ್‌ಬಿಎ1ಸಿ 7.8 ಇತ್ತು (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರ್ಸೋ ರಕ್ತಪರೀಕ್ಷೆ, 6.5 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಡಯಾಬಿಟಿಸ್ ಲೆಕ್ಕ). ಡಾಕ್ಟ್ರು ಮೊದ್ಲು ಕೇಳಿದ್ದೇ ಮನೇಲಿ ಯಾರಿಗಾದ್ರೂ ಇದೆಯಾ ಅಂತ. ಅಪ್ಪಂಗಿದೆ ಸಾರ್, 15 ವರ್ಷ ಆಯ್ತು ಅಂದೆ. ಅಲ್ಲಿಗೆ ಮುಗೀತು, ಮಾಮೂಲಿ ಟೈಪ್ 2 ಅಂತ ಬರೆದ್ರು, ಮಾತ್ರೆ ಮೆಟ್‌ಫಾರ್ಮಿನ್.

ತಪ್ಪು ಎಲ್ಲಾಯ್ತು ಅಂತ ಎಷ್ಟು ಸಲ ಯೋಚ್ನೆ ಮಾಡಿದೀನೋ. ಅಪ್ಪ ದಪ್ಪ, ಹೊಟ್ಟೆ ಇದೆ, 50 ದಾಟಿದ ಮೇಲೆ ಬಂದಿದ್ದು, ಇವತ್ತಿಗೂ ಮಾತ್ರೇಲೇ ನಡೀತಿದೆ. ನಾನು ಕಡ್ಡಿ ಥರ ಇದ್ದೆ, 58 ಕೆಜಿ, ನಂಗೂ ಅವ್ರಿಗೂ ಹೋಲಿಕೆ ಅಂದ್ರೆ ಮೂಗು ಒಂದೇ. ಅದೂ ಅಲ್ದೆ ನಂಗೆ ಹ್ಯಾಶಿಮೋಟೋ ಥೈರಾಯ್ಡ್ ಇತ್ತು, ಅಮ್ಮಂಗೂ ಅದೇ, ಅಂದ್ರೆ ಸ್ವಂತ ರೋಗನಿರೋಧಕ ಶಕ್ತಿನೇ ತಿರುಗಿಬಿದ್ದು ದೇಹದ ಮೇಲೆ ದಾಳಿ ಮಾಡೋ ಜಾತಿ ಕಾಯಿಲೆ. ಇದನ್ನ ಅವ್ರು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಶುಗರ್‌ಗೂ ಥೈರಾಯ್ಡ್‌ಗೂ ಏನ್ ಸಂಬಂಧ ಅನ್ಕೊಂಡಿದ್ದೆ, ಅಪ್ಪನ ಕಡೆ ನೋಡ್ತಾ ಅಮ್ಮನ ಕಡೆ ನೋಡೋದೇ ಮರ್ತೆ.

ಆಮೇಲಿನ ಒಂದೂವರೆ ವರ್ಷ ದಿನಾ ವಾಕಿಂಗ್, ಊಟ ಅರ್ಧ, ಗ್ಲಿಮೆಪಿರೈಡ್ ಅನ್ನೋ ಇನ್ನೊಂದು ಮಾತ್ರೆ ಸೇರ್ಸಿದ್ರು, ಡೋಸ್ ಏರ್ಸಿದ್ರು, ತೂಕ 49ಕ್ಕೆ ಬಂತು, ಶುಗರ್ ಮಾತ್ರ ಏರ್ತಾನೇ ಇತ್ತು. ಎಲ್ಲರೂ ನೀನು ಕದ್ದು ಸಿಹಿ ತಿಂತೀಯ ಅಂದ್ರು. ಕೊನೆಗೆ ಒಂದಿನ ವಾಂತಿ, ಏದುಸಿರು, ಕೀಟೋಅಸಿಡೋಸಿಸ್ (ಇನ್ಸುಲಿನ್ ಸಾಲದೆ ರಕ್ತದಲ್ಲಿ ಆಮ್ಲ ಏರೋದು) ಅಂತ ಅಡ್ಮಿಟ್. ಅಲ್ಲೊಬ್ರು ಚಿಕ್ಕ ವಯಸ್ಸಿನ ಡಾಕ್ಟ್ರು ಗ್ಯಾಡ್ ಆಂಟಿಬಾಡಿ, ಸಿ-ಪೆಪ್ಟೈಡ್ ಎರಡು ರಕ್ತಪರೀಕ್ಷೆ ಬರೆದ್ರು. ಆಂಟಿಬಾಡಿ ಪಾಸಿಟಿವ್, ಅಂದ್ರೆ ಥೈರಾಯ್ಡ್ ಥರಾನೇ ಇಲ್ಲೂ ನನ್ನ ರೋಗನಿರೋಧಕ ಶಕ್ತಿನೇ ಇನ್ಸುಲಿನ್ ಮಾಡೋ ಜೀವಕೋಶಗಳ ಮೇಲೆ ದಾಳಿ ಮಾಡ್ತಿತ್ತು. ಸಿ-ಪೆಪ್ಟೈಡ್ ತಳ ಕಂಡಿತ್ತು, ಅಂದ್ರೆ ನನ್ನ ಮೇದೋಜೀರಕ ಗ್ರಂಥಿ ಇನ್ಸುಲಿನ್ ಮಾಡೋದು ಹೆಚ್ಚುಕಮ್ಮಿ ನಿಲ್ಸಿತ್ತು. ಇದಕ್ಕೆ ಲಾಡಾ ಅಂತಾರೆ, ದೊಡ್ಡವ್ರಾದ ಮೇಲೆ ನಿಧಾನಕ್ಕೆ ಬರೋ ಟೈಪ್ 1 ಅನ್ಕೊಳಿ. ಇನ್ಸುಲಿನ್ ಶುರು ಮಾಡಿದ ಮೇಲೆ ನಾಲ್ಕು ತಿಂಗಳಲ್ಲಿ ಮನುಷ್ಯ ಆದೆ.

ಹಾಗಾಗಿ ವಂಶವಾ ಅಲ್ವಾ ಅನ್ನೋ ಪ್ರಶ್ನೆನೇ ನಂಗೆ ಸರಿ ಕಾಣಲ್ಲ, ಯಾವ ಶುಗರ್ ಅಂತ ಕೇಳಿ. ಟೈಪ್ 2ರಲ್ಲಿ ವಂಶದ ಪಾಲು ದೊಡ್ಡದೇ, ಅಪ್ಪ ಅಮ್ಮ ಇಬ್ರಿಗೂ ಇದ್ರೆ ಇನ್ನೂ ಜಾಸ್ತಿ, ಆದ್ರೆ ಅದು ನೂರಾರು ಜೀನ್‌ಗಳ ಚೂರುಪಾರು. 2006ರಲ್ಲಿ ಸಿಕ್ಕ ಟಿಸಿಎಫ್7ಎಲ್2 ಅನ್ನೋದೇ ಅದ್ರಲ್ಲಿ ದೊಡ್ಡದು, ಅದಿದ್ರೂ ಎಷ್ಟೋ ಜನಕ್ಕೆ ಬರಲ್ಲ. ಅದನ್ನ ಟೆಸ್ಟ್ ಮಾಡ್ಸಿ ಮಾಡೋದೇನು? ರಿಪೋರ್ಟ್ ಏನೇ ಬಂದ್ರೂ ನಿಮ್ಮ ಮಾತ್ರೆ ಬದಲಾಗಲ್ಲ. ಅಮೆರಿಕದಲ್ಲಿ ಡಯಾಬಿಟಿಸ್ ಅಂಚಿಗೆ ಬಂದವ್ರ ಮೇಲೆ ನಡೆದ ದೊಡ್ಡ ಅಧ್ಯಯನ 2002ರಲ್ಲಿ ಬಂತಲ್ಲ, ಅದ್ರಲ್ಲಿ ತೂಕ ಇಳ್ಸಿ ವಾರಕ್ಕೆ 150 ನಿಮಿಷ ಓಡಾಡೋ ಗುಂಪಲ್ಲಿ ಕಾಯಿಲೆ ಬರೋದು 58% ಕಮ್ಮಿ ಆಗಿತ್ತು, ಕೆಟ್ಟ ಜೀನ್ ಇದ್ದೋರಿಗೂ ಅದ್ರಿಂದ ಉಪಯೋಗ ಆಗಿತ್ತು. ಜೀನ್ ಟೆಸ್ಟ್‌ಗೆ ನಿಜವಾಗ್ಲೂ ಅರ್ಥ ಇರೋದು ಮೋಡಿ (MODY) ಅನ್ನೋ ಒಂದೇ ಜೀನಿನ ಶುಗರ್‌ಗೆ. ತೆಳ್ಳಗಿದ್ದು, 25ರ ಒಳಗೇ, ತಲೆಮಾರಿಗೆ ತಲೆಮಾರು ಬರ್ತಾ ಇದ್ರೆ ಮಾಡ್ಸಿ.

ನೀವು ತೂಕದ ಬಗ್ಗೆ ಒಂದಕ್ಷರ ಬರ್ದಿಲ್ಲ. ತೆಳ್ಳಗಿದ್ರೆ, ಮಾತ್ರೆ ತಗೊಂಡೂ ತೂಕ ಇಳೀತಾ ಶುಗರ್ ಏರ್ತಾ ಇದ್ರೆ, ಮನೇಲಿ ಥೈರಾಯ್ಡ್ ತೊನ್ನು ಥರದ್ದು ಇದ್ರೆ, ನಾಳೆನೇ ಹೋಗಿ ಗ್ಯಾಡ್ ಆಂಟಿಬಾಡಿ, ಸಿ-ಪೆಪ್ಟೈಡ್ ಆ ಎರಡು ಟೆಸ್ಟ್ ಬಾಯ್ಬಿಟ್ಟು ಕೇಳಿ, ಸಂಕೋಚ ಬೇಡ. ಇವ್ಯಾವೂ ಇಲ್ಲ ಅಂದ್ರೆ ನಿಮ್ದು ಮಾಮೂಲಿ ಟೈಪ್ 2 ಇರೋ ಸಾಧ್ಯತೆನೇ ಹೆಚ್ಚು.

ನನ್ನ ಅಕ್ಕಂಗೂ ಹೋದ್ವರ್ಷ ಶುಗರ್ ಬಂತು. ಜಗಳ ಆಡಿ ಆಂಟಿಬಾಡಿ ಮಾಡಿಸ್ದೆ, ನೆಗೆಟಿವ್, ಅವಳ್ದು ಅಪ್ಪನ ಥರದ್ದೇ. ಈಗ ಫ್ರಿಜ್ಜಲ್ಲಿ ನನ್ನ ಇನ್ಸುಲಿನ್, ಶೆಲ್ಫ್ ಮೇಲೆ ಅವಳ ಮಾತ್ರೆ.