ಪಾಠ ಎನ್ನದೆ ಕಲಿಸುವುದು

ಐದು ಮತ್ತು ಎಂಟು ವರ್ಷದ ಮೊಮ್ಮಕ್ಕಳು ಪಾಠ ಎಂದರೆ ಎದ್ದು ಓಡುತ್ತಾರೆ, ಏನು ಹೇಳಿಕೊಡಲಿ ಎಂದು ಕೇಳಿದ್ದೀರಿ ಸರ್. ನನ್ನ ಮಟ್ಟಿಗೆ ಗುಡುಗು-ಮಿಂಚಿಗಿಂತ ಒಳ್ಳೆಯ ಆರಂಭವಿಲ್ಲ. ಮನೆಯೊಳಗೆ ಜೊತೆಯಲ್ಲಿ ಕೂತು, ಮಿಂಚು ಕಂಡ ಕೂಡಲೇ ಸೆಕೆಂಡು ಎಣಿಸಲು ಹೇಳಿ. ಗುಡುಗು ಕೇಳಿದಾಗ ನಿಲ್ಲಿಸಿ, ಬಂದ ಸಂಖ್ಯೆಯನ್ನು 3ರಿಂದ ಭಾಗಿಸಿದರೆ ಮಿಂಚು ಸುಮಾರು ಎಷ್ಟು ಕಿಲೋಮೀಟರ್ ದೂರ ಎಂದು ಗೊತ್ತಾಗುತ್ತದೆ. ಬೆಳಕು ಕಣ್ಣು ಮಿಟುಕಿಸುವಷ್ಟರಲ್ಲಿ ಬಂದುಬಿಡುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಓಡುತ್ತದೆ. ಚಿಕ್ಕದು ಎಣಿಸಲಿ, ದೊಡ್ಡದು ಭಾಗಿಸಲಿ. ಎಣಿಸುವ ಗಡಿಬಿಡಿಯಲ್ಲಿ ಹೆದರಿಕೆಯೂ ಮರೆಯುತ್ತದೆ, ಅದೇ ನನಗೆ ಇದರಲ್ಲಿ ಬಹಳ ಇಷ್ಟ.

ಮುಷ್ಟಿ ಕಟ್ಟಿ ತಿಂಗಳು ಎಣಿಸುವುದನ್ನೂ ತೋರಿಸಿ: ಗೆಣ್ಣಿನ ಮೇಲೆ ಬಂದ ತಿಂಗಳಿಗೆ 31 ದಿನ, ತಗ್ಗಿಗೆ ಬಂದರೆ 30, ಫೆಬ್ರವರಿ ಮಾತ್ರ ಬೇರೆ. ಆಕ್ಟೋಪಸ್‌ಗೆ ಮೂರು ಹೃದಯ, ಚಿಟ್ಟೆ ಕಾಲಿನಿಂದಲೂ ರುಚಿ ನೋಡುತ್ತದೆ ಎಂಬಂಥವು ಮಲಗುವ ಹೊತ್ತಿಗೆ ಇರಲಿ.

ಕೈತೊಳೆಯುವ ಅಭ್ಯಾಸಕ್ಕೆ ಉಪದೇಶ ಬೇಡ. ಸೋಪು ಹಚ್ಚಿ 20 ಸೆಕೆಂಡು ಉಜ್ಜುವಷ್ಟು ಉದ್ದದ ಹಾಡನ್ನು ಅವರೇ ಕಟ್ಟಲಿ. ಉತ್ತರ ತಿಳಿಯದ ಪ್ರಶ್ನೆ ಬಂದರೆ “ಬಾ, ಇಬ್ಬರೂ ಹುಡುಕೋಣ” ಎನ್ನಿ. ಮರುದಿನ ಅವರೇ ನಿಮಗೆ ಹೇಳಿಕೊಡಲು ಬರುತ್ತಾರೆ.