ಅಜ್ಜಿ ರೆಸಿಪಿ ಅಂತ ಸುಳ್ಳು ಹೇಳ್ಬೇಕಾ?

ಪ್ರಶ್ನೆ: ನಾನು ಕಟಪಾಡಿಯವಳು, ಮನೆಯಲ್ಲೇ ಕುಂದಾಪುರ ಮಸಾಲೆ ಪುಡಿ ಮಾಡಿ ಮಾರ್ತೇನೆ, ಇನ್‌ಸ್ಟಾಗ್ರಾಮಲ್ಲಿ ಪೇಜ್ ಉಂಟು. ಮಾರ್ಕೆಟಿಂಗ್ ಗೊತ್ತಿರುವ ಒಬ್ರು, ನೂರು ವರ್ಷದ ಅಜ್ಜಿ ರೆಸಿಪಿ ಅಂತ ಹಾಕಿ, ವಿಡಿಯೋದಲ್ಲಿ ನಮ್ಮ ಊರಿನ ಕನ್ನಡ ಬೇಡ ಬೆಂಗಳೂರು ಕನ್ನಡ ಮಾತಾಡಿ, ಫಾಲೋವರ್ಸ್ ದುಡ್ಡಿಗೆ ಸಿಗ್ತಾರೆ ಅಂತೆಲ್ಲ ಹೇಳಿದ್ರು. ನಾನು ಇದನ್ನ ಕಲ್ತದ್ದು ಮದುವೆ ಆದ್ಮೇಲೆ, ಪಕ್ಕದ ಮನೆ ಅಕ್ಕನ ಹತ್ರ. ಹಾಗಂತ ಹೇಳಿದ್ರೆ ಯಾರು ತಗೊಳ್ತಾರೆ?

ಉತ್ತರ: ತಗೊಳ್ತಾರೆ ಮಾರಾಯ್ರೆ, ಧೈರ್ಯವಾಗಿ ಹೇಳಿ. ಅಜ್ಜಿ ಕಥೆ ನಾಳೆ ಬೆಳಿಗ್ಗೆ ಇನ್ನೊಬ್ರೂ ಹೇಳ್ಬಹುದು, ಆದ್ರೆ ಪಕ್ಕದ ಮನೆ ಅಕ್ಕ ನಿಮ್ಮ ಕಥೆಯಲ್ಲಿ ಮಾತ್ರ ಇರೋದು. ಅವರನ್ನ ಒಂದು ಮಾತು ಕೇಳಿ, ಒಪ್ಪಿದ್ರೆ ಹೆಸರು ಹೇಳಿ, ಇನ್ನೂ ಒಪ್ಪಿದ್ರೆ ಒಂದು ವಿಡಿಯೋದಲ್ಲಿ ಪಕ್ಕದಲ್ಲಿ ಕೂರಿಸ್ಕೊಂಡು ಹುರಿಯಿರಿ. ಉಡುಪಿ ಹತ್ರದ ಮಟ್ಟು ಊರಿನ ಬದನೆಕಾಯಿ ಮಟ್ಟುಗುಳ್ಳವನ್ನೇ ನೋಡಿ, ಸೋದೆ ಮಠದ ವಾದಿರಾಜ ಸ್ವಾಮಿಗಳು ಬೀಜ ಕೊಟ್ರು ಅನ್ನುವ ಕಥೆ ಅದಕ್ಕೆ ಉಂಟು, ಆದ್ರೂ ಜನ ಅದನ್ನ ಹುಡ್ಕಿಕೊಂಡು ಹೋಗೋದು ಸಾಂಬಾರಿನ ರುಚಿಗೆ, ಮತ್ತೆ ಬೆಳೆಗಾರರು ಕಥೆ ಉಂಟಲ್ಲ ಅಂತ ಸುಮ್ನೆ ಕೂರ್ಲಿಲ್ಲ, 2011ರಲ್ಲಿ ಜಿಐ ಟ್ಯಾಗ್, ಅಂದ್ರೆ ಇದು ಈ ಊರಿನದ್ದೇ ಬೆಳೆ ಅನ್ನುವ ಸರ್ಕಾರದ ಗುರುತು, ಬಂದದ್ದಕ್ಕೆ ಈಗ ಬೇರೆ ಊರಿನ ಗುಳ್ಳವನ್ನ ಆ ಹೆಸರಲ್ಲಿ ಮಾರ್ಲಿಕ್ಕೆ ಕಾನೂನಿನ ಒಪ್ಪಿಗೆ ಇಲ್ಲ.

ನಿಮ್ಮ ಹತ್ರ ತೋರಿಸ್ಲಿಕ್ಕೆ ಎಷ್ಟೊಂದು ಉಂಟು. ಬ್ಯಾಡಗಿ ಮೆಣಸು ಬಣ್ಣ ಕೊಡ್ತದೆ ಖಾರ ಕಮ್ಮಿ, ಹಾಗಾದ್ರೆ ಖಾರಕ್ಕೆ ನೀವು ಎಂತ ಸೇರಿಸ್ತೀರಿ, ಕೊತ್ತಂಬರಿ ಜೀರಿಗೆ ಮೆಂತೆ ಬೇರೆ ಬೇರೆಯಾಗಿ ಹುರಿಯೋದು ಯಾಕೆ, ಮೆಂತೆ ಒಂಚೂರು ಕಪ್ಪಾದ್ರೆ ಇಡೀ ಪುಡಿ ಕಹಿ ಆಗ್ತದಲ್ಲ, ಅದನ್ನೆಲ್ಲ ಹೇಳಿ. ಈ ಸಲದ ಮೆಣಸು ಖಾರ ಜಾಸ್ತಿ ಬಂದಿದೆ, ಅರ್ಧ ಚಮಚ ಕಮ್ಮಿ ಹಾಕಿ ಅಂತ ನೀವೇ ಮುಂಚೆ ಹೇಳಿದ್ರೆ ಗಿರಾಕಿ ನಿಮ್ಮನ್ನ ಬಿಟ್ಟು ಹೋಗೋದಿಲ್ಲ. ಪರ್ಸನಲ್ ಬ್ರ್ಯಾಂಡ್ ಅಂದ್ರೆ ನನ್ನ ಪ್ರಕಾರ ಇಷ್ಟೇ, ನೀವು ಹೇಳಿದ್ದು ಮತ್ತೆ ಪ್ಯಾಕೆಟಲ್ಲಿ ಇದ್ದದ್ದು ಪ್ರತಿ ಸಲ ಒಂದೇ ಆಗಿರೋದು.

ಭಾಷೆ ಬದಲಿಸ್ಲೇಬೇಡಿ. ಎಂತ, ಉಂಟು, ಹೌದಾ ಅಂತ ನೀವು ಮಾತಾಡೋದು ಕೇಳಿಯೇ ದುಬೈಯಲ್ಲಿ, ಮುಂಬೈಯಲ್ಲಿ ಇರುವ ನಮ್ಮವರು ರೀಲ್ಸ್ ನಿಲ್ಲಿಸಿ ನೋಡ್ತಾರೆ. ದುಡ್ಡು ಕೊಟ್ಟು ತಂದ ಫಾಲೋವರ್ಸ್ ಪುಡಿ ತಗೊಳ್ಳೋದಿಲ್ಲ, ಲೈಕ್ ಕೂಡ ಒತ್ತೋದಿಲ್ಲ.

ಇನ್ನು ದಾಖಲೆ ಕೆಲ್ಸ. ಪ್ಯಾಕೆಟ್ ಮೇಲೆ ಆಹಾರ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐಯ 14 ಅಂಕಿ ನಂಬರ್ ಬೇಕೇ ಬೇಕು. ಹೆಸರಿಗೆ ಟ್ರೇಡ್‌ಮಾರ್ಕ್ ಮಾಡಿಸೋದಾದ್ರೆ ಅರ್ಜಿಯಲ್ಲಿ ಸಾಮಾನಿನ ವರ್ಗ ಹೇಳ್ಬೇಕು, ಮಸಾಲೆ ಬರೋದು 30ನೇ ಕ್ಲಾಸಲ್ಲಿ, ರಿಜಿಸ್ಟರ್ ಆದ್ರೆ 10 ವರ್ಷ ನಡೀತದೆ, ಆಮೇಲೆ ರಿನ್ಯೂ ಮಾಡ್ಬಹುದು. ಬರೀ ‘ಕುಂದಾಪುರ ಮಸಾಲೆ’ ಅಂತ ಊರಿನ ಹೆಸರು ಇಟ್ರೆ ಸಿಗೋದು ಕಷ್ಟ, ನಿಮ್ಮದೇ ಅನ್ನುವ ಒಂದು ಹೆಸರು ಯೋಚ್ನೆ ಮಾಡಿ.

ಪ್ರಶ್ನೆ: ಸುರತ್ಕಲಲ್ಲಿ ಓದ್ತಾ ತುಳುವಲ್ಲಿ ಫುಡ್ ರೀಲ್ಸ್ ಮಾಡ್ತೇನೆ. ಈಗ ಹೋಟೆಲ್‌ನವರು ಕರೆದು ಫ್ರೀ ಊಟ, ಕೆಲವೊಮ್ಮೆ ದುಡ್ಡು ಕೊಡ್ತಾರೆ. ಅದನ್ನ ಹೇಳಿದ್ರೆ ಜನ ನಂಬೋದಿಲ್ಲ ಅಂತ ಫ್ರೆಂಡ್ಸ್ ಹೇಳ್ತಾರೆ.

ಉತ್ತರ: ಹೇಳ್ಲೇಬೇಕು, ಫ್ರೀ ಊಟ ಆದ್ರೂ ಸಹ. ಜಾಹೀರಾತಿನವರದ್ದೇ ಸಂಸ್ಥೆ ಎಎಸ್‌ಸಿಐ 2021ರಲ್ಲೇ ಇನ್‌ಫ್ಲುಯೆನ್ಸರ್‌ಗಳಿಗೆ ನಿಯಮ ಮಾಡಿದೆ, 2023ರಲ್ಲಿ ಕೇಂದ್ರ ಸರ್ಕಾರದ ಗ್ರಾಹಕ ಇಲಾಖೆಯೂ ಇದನ್ನೇ ಹೇಳಿದೆ. ಹೇಳೋದನ್ನ ರೀಲ್ಸ್ ಯಾವ ಭಾಷೆಯಲ್ಲಿ ಉಂಟೋ ಅದೇ ಭಾಷೆಯಲ್ಲಿ ಹೇಳ್ಬೇಕು, ಅಂದ್ರೆ ನೀವು ತುಳುವಲ್ಲೇ ಹೇಳಿ, ಸ್ಕ್ರೀನ್ ಮೇಲೂ ಬರ್ಲಿ, ಹ್ಯಾಶ್‌ಟ್ಯಾಗ್ ರಾಶಿಯಲ್ಲಿ ಅಡಗಿಸ್ಬೇಡಿ. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ ಹಾಕ್ಲಿಕ್ಕೆ ಆಗ್ತದೆ. ಆದ್ರೆ ದಂಡದ ಹೆದರಿಕೆಗಿಂತ ನನಗೆ ಮುಖ್ಯ ಅನ್ಸೋದು, ನಿಮ್ಮ ಮಾತು ನಂಬಿ ಮನೆಮಂದಿಯನ್ನ ಕರ್ಕೊಂಡು ಆ ಹೋಟೆಲ್‌ಗೆ ಹೋಗುವವರು. ಊಟಕ್ಕೆ ಕೂರುವ ಮುಂಚೆನೇ, ರುಚಿ ಇಲ್ಲದ್ದನ್ನ ಹೊಗಳೋದಿಲ್ಲ ಅಂತ ಹೋಟೆಲ್‌ನವರಿಗೆ ವಾಟ್ಸಾಪಲ್ಲಿ ಬರೆದು ಹಾಕಿ, ಒಪ್ಪದಿದ್ರೆ ಆ ರೀಲ್ಸ್ ಬಿಟ್ಟುಬಿಡಿ.